ದೋಹಾ ಫೈನಲ್‌ಗೆ ನಾನು ಬೆನ್ನು ಹಾಕಿ ನಿಂತ ಕಥೆ

2016ರ ಅಕ್ಟೋಬರ್ 19ರ ರಾತ್ರಿ, ಏಷ್ಯಾದ ಫುಟ್‌ಬಾಲ್ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ಪಿನ ಸೆಮಿಫೈನಲ್‌ನಲ್ಲಿ, ಬೆಂಗಳೂರು ಎಫ್‌ಸಿ ಕಂಠೀರವದಲ್ಲಿ ಜೋಹರ್ ತಂಡವನ್ನು 3-1ರಿಂದ ಸೋಲಿಸಿತು. ಛೆಟ್ರಿ ಎರಡು ಗೋಲು, ಜುವಾನನ್ ಒಂದು. ಜೋಹರ್ ಅಂದರೆ ಸುಮ್ನೆ ಅಲ್ಲ, ಹಿಂದಿನ ವರ್ಷ ಎಎಫ್‌ಸಿ ಕಪ್ ಗೆದ್ದ ಮಲೇಷ್ಯಾದ ಕ್ಲಬ್. ನಾನು ದೋಹಾದ ನಜ್ಮಾದಲ್ಲಿ, ರೂಮಿನ ಮಂಚದ ಮೇಲೆ ಫೋನ್ ಹಿಡಿದು ಕೂತಿದ್ದೆ. ಭಾರತದ ಕ್ಲಬ್ಬೊಂದು ಈ ಕಪ್ಪಿನ ಫೈನಲ್‌ಗೆ ಹೋಗಿದ್ದು ಅದೇ ಮೊದಲು. ಫೈನಲ್ ಎಲ್ಲಪ್ಪಾ ಅಂದರೆ, ನಾನಿದ್ದ ಊರಲ್ಲೇ! ಎದುರಾಳಿ ಇರಾಕಿನ ಏರ್‌ಫೋರ್ಸ್ ಕ್ಲಬ್. ಆಗ ಇರಾಕಿನ ಕ್ಲಬ್‌ಗಳು ತಮ್ಮ ದೇಶದಲ್ಲಿ ಇಂಥ ಪಂದ್ಯ ಆಡಿಸುವ ಹಾಗಿರಲಿಲ್ಲ. ಹಾಗಾಗಿ ದೋಹಾನೇ ಅವರಿಗೆ ತವರು ಮೈದಾನ.

ನವೆಂಬರ್ 5ಕ್ಕೆ ಪಂದ್ಯ. ಕೈಯಲ್ಲಿ ಹದಿನೇಳು ದಿನ. ಬೆಂಗಳೂರಿನಿಂದ ಕೆಲವರು ವಿಮಾನ ಹತ್ತಿ ಬರಬಹುದು, ಆದರೆ ಅವರಿಂದ ಒಂದು ಸ್ಟ್ಯಾಂಡ್ ತುಂಬಲ್ಲ. ಇಲ್ಲಿರುವವರನ್ನೇ ಸೇರಿಸಬೇಕು ಅಂತ ಒಂದು ವಾಟ್ಸಾಪ್ ಗ್ರೂಪ್ ಶುರು ಮಾಡಿದೆ. ಮೊದಲ ದಿನ ಒಂಬತ್ತು ಜನ. ಅದರಲ್ಲಿ ಇಬ್ಬರು ಕ್ರಿಕೆಟ್ ಗ್ರೂಪ್ ಅಂದುಕೊಂಡು ಬಂದವರು.

ಗ್ರೂಪ್ ಬೆಳೆಸಿದ್ದು ಮಾತ್ರ ಮಲಯಾಳಿಗಳು, ನಿಜ ಹೇಳಬೇಕಲ್ವಾ. ನಮ್ಮ ತಂಡದಲ್ಲಿ ಕೇರಳದ ವಿನೀತ್, ರಿನೋ ಆಂಟೊ ಇದ್ದರು. ಅವರ ಹೆಸರು ಹೇಳಿದ್ದೇ ತಡ, ಪಕ್ಕದ ಕೆಫೆಟೇರಿಯಾದ ಟೀ ಮಾಸ್ಟರ್ ಹನ್ನೊಂದು ಜನರ ನಂಬರ್ ಕೊಟ್ಟ. ಫುಟ್‌ಬಾಲ್ ಅಂದರೆ ಅವರಿಗೆ ಕಾರಣ ಹೇಳಬೇಕಾಗಿಲ್ಲ.

ಬ್ಯಾನರ್ ನನ್ನ ಪಾಲಿಗೆ ಬಂತು. ಬೆಂಗಳೂರು ಎಫ್‌ಸಿ ಬಣ್ಣ ನೀಲಿ. ಏರ್‌ಫೋರ್ಸ್ ಕ್ಲಬ್ಬಿನದ್ದೂ ನೀಲಿಯೇ! ನೀಲಿ ಬ್ಯಾನರ್ ಹಿಡಿದರೆ ನಾವು ಯಾರ ಕಡೆ ಅಂತಲೇ ಗೊತ್ತಾಗಲ್ಲ. ರಾಜ್ಯೋತ್ಸವ ಹತ್ತಿರದಲ್ಲೇ ಇತ್ತು. ಸರಿ, ಹಳದಿ ಬಟ್ಟೆ, ಕೆಂಪು ಅಕ್ಷರ ಅಂತ ತೀರ್ಮಾನಿಸಿದೆ. ಆರು ಮೀಟರ್ ಹಳದಿ ಕಾಟನ್, ಅಕ್ಷರಕ್ಕೆ ಕೆಂಪು ಸ್ಯಾಟಿನ್ ತಂದೆ. ಒಂದೊಂದು ಅಕ್ಷರವನ್ನೂ ಆರು ಹಾಳೆಯಲ್ಲಿ ಪ್ರಿಂಟ್ ತೆಗೆದು, ಅಂಟಿಸಿ, ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಹೊಳೆಯುವ ಕಡೆ ಸುಣ್ಣ ಜಾರುತ್ತದೆ ಅಂತ ಹಿಂಬದಿಗೆ ಎಳೆದೆ. ಅಲ್ಲೇ ಎಡವಿದ್ದು. ಕತ್ತರಿಸಿ ತಿರುಗಿಸಿದರೆ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ! ‘ಬೆಂ’ ಉಲ್ಟಾ, ‘ಳೂ’ ಉಲ್ಟಾ, ‘ರು’ ಉಲ್ಟಾ. ‘ಗ’ ಒಂದು ಬಚಾವಾಯಿತು, ಅದು ಯಾವ ಕಡೆಯಿಂದ ನೋಡಿದರೂ ಹೆಚ್ಚುಕಮ್ಮಿ ‘ಗ’ನೇ. ಮತ್ತೆ ಬಟ್ಟೆ ತರಲು ದುಡ್ಡಿರಲಿಲ್ಲ. ಉಳಿದ ಮೂರನ್ನು ಮಂಕು ಕಡೆ ಮೇಲೆ ಮಾಡಿ ಹೊಲಿಸಿದೆ. ‘ಬೆಂಗಳೂರು’ ಅನ್ನೋದರಲ್ಲಿ ‘ಗ’ ಒಂದೇ ಮಿಣಮಿಣ.

ಆಮೇಲೆ ಕೂಗು. ಅಲ್ಲಲ್ಲಿಂದ ಬಂದವರಿಗೆ ಉದ್ದನೆಯ ಹಾಡು ಕಲಿಸಲು ಆಗಲ್ಲ. ನಾಲ್ಕು ಚಪ್ಪಾಳೆ ಸಾಕು ಅನಿಸಿತು. ಬೆಂ-ಗ-ಳೂ-ರು, ಅಕ್ಷರಕ್ಕೊಂದು ಚಪ್ಪಾಳೆ. ಶುಕ್ರವಾರ ಕಡಲತೀರದ ಕಾರ್ನಿಷ್ ರಸ್ತೆಯಲ್ಲಿ ಇಪ್ಪತ್ತು ಜನ ಸೇರಿ ಪ್ರಾಕ್ಟೀಸ್ ಮಾಡಿದೆವು. ಎರಡನೇ ಚಪ್ಪಾಳೆಗೇ ಲಯ ತಪ್ಪುತ್ತಿತ್ತು. ಯಾಕೆ ಅಂತ ಹತ್ತು ನಿಮಿಷ ಹೊಳೆಯಲಿಲ್ಲ. ನೋಡಿದರೆ, ಕೇರಳದ ಹುಡುಗರು ‘ಬಾಂಗ್ಲೂರ್’ ಅನ್ನುತ್ತಿದ್ದರು. ಅವರದ್ದು ಎರಡೇ ಏಟಿಗೆ ಮುಗಿದುಹೋಗುತ್ತಿತ್ತು! ಒಂದು ಗಂಟೆ ನಾನು ಕನ್ನಡ ಮೇಷ್ಟ್ರಾದೆ. ‘ಳೂ’ ಹೇಳಲು ಅವರಿಗೆ ಕಷ್ಟವೇ ಇಲ್ಲ, ನನ್ನ ಜೊತೆಗಿದ್ದ ಬೆಂಗಳೂರಿನ ಇಬ್ಬರು ‘ಲೂ’ ಅನ್ನುತ್ತಿದ್ದರು.

ಪಂದ್ಯದ ದಿನ ಶನಿವಾರ, ನನಗೆ ಡ್ಯೂಟಿ. ರಜೆ ಸಿಗಲಿಲ್ಲ, ಬೆಳಗಿನ ನಾಲ್ಕಕ್ಕೇ ಹೋಗಿ ಕೆಲಸ ಮುಗಿಸಿ ಬಂದೆ. ಸುಹೈಮ್ ಬಿನ್ ಹಮದ್ ಸ್ಟೇಡಿಯಂ ಗೇಟಿನಲ್ಲಿ ಬ್ಯಾನರಿನ ಪೈಪುಗಳನ್ನು ಕಿತ್ತಿಟ್ಟುಕೊಂಡರು. ಒಳಗೆ ಇರಾಕಿಗಳ ಡೋಲು, ಬಾವುಟ. ನಮಗಿಂತ ಎಷ್ಟೋ ಪಾಲು ಜಾಸ್ತಿ ಜನ. ನಮ್ಮ ಬ್ಯಾನರನ್ನು ಎಂಟು ಜನ ಕೈಯಲ್ಲೇ ಹಿಡಿದರು.

ಕೂಗು ಎತ್ತಿಕೊಡುವವನು ಮೈದಾನಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಇದು ಗೊತ್ತಿದ್ದರೂ ಎಷ್ಟು ಕಷ್ಟ ಅಂತ ಅಂದೇ ಗೊತ್ತಾಗಿದ್ದು. ಎದುರಿಗೆ ಒಬ್ಬ ಗೆಳೆಯನನ್ನು ಕೂರಿಸಿದ್ದೆ. ಚೆಂಡು ನಮ್ಮ ಕಾಲಲ್ಲಿದ್ದರೆ ಅವನ ಅಂಗೈ ಮೇಲೆ, ಅವರ ಕಾಲಲ್ಲಿದ್ದರೆ ಕೆಳಗೆ. ಅಂಗೈ ಕೆಳಗಾದಾಗಲೇ ಜೋರಾಗಿ ಕೂಗಿಸಬೇಕು ಅನ್ನೋದು ನನ್ನ ಲೆಕ್ಕ. ನಮ್ಮವರ ಕಾಲಲ್ಲಿ ಚೆಂಡಿದ್ದಾಗ ಜನ ತಾವಾಗೇ ಕೂಗುತ್ತಾರೆ.

ನಮ್ಮ ಗೋಲ್‌ಕೀಪರ್ ಅಮರಿಂದರ್ ಅಮಾನತಾಗಿದ್ದರಿಂದ ರಾಲ್ಟೆ ನಿಂತಿದ್ದರು. ಅವರು ಚೆಂಡು ತಡೆದಾಗಲೆಲ್ಲ ನನ್ನ ಮುಂದಿನ ಮುಖಗಳು ಮೊದಲು ಕುಗ್ಗಿ ಆಮೇಲೆ ಅರಳುತ್ತಿದ್ದವು. ಮೊದಲರ್ಧ 0-0. ಗಂಟಲು ಅಷ್ಟರಲ್ಲೇ ಹೋಗಿತ್ತು, ನೀರು ಕುಡಿದರೆ ಉರಿಯುತ್ತಿತ್ತು. ಎರಡನೇ ಅರ್ಧದಲ್ಲಿ ಬರೀ ಕೈ ಬೀಸಿ ತಾಳ ಹಾಕುತ್ತಿದ್ದೆ.

71ನೇ ನಿಮಿಷ. ಬೆಂ, ಗ, ಳೂ... ‘ರು’ ಬರಲೇ ಇಲ್ಲ. ಎತ್ತಿದ ಕೈಗಳು ಹಾಗೇ ನಿಂತವು. ಗೆಳೆಯನ ಅಂಗೈ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ, ತಲೆಯ ಮೇಲಿತ್ತು. ಬೆನ್ನ ಹಿಂದೆ ಡೋಲು ಒಮ್ಮೆಲೇ ಏರಿತು. ತಿರುಗಿದಾಗ ಇರಾಕಿ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಹಮ್ಮಾದಿ ಅಹ್ಮದ್, ಆ ಟೂರ್ನಿಯಲ್ಲಿ ಅವನ ಹದಿನಾರನೇ ಗೋಲು. 1-0. ಪಂದ್ಯ ಮುಗಿದದ್ದೂ ಹಾಗೇ.

ಆಟಗಾರರು ಮಂಕಾಗಿ ನಮ್ಮ ಕಡೆ ಬಂದು ಚಪ್ಪಾಳೆ ತಟ್ಟಿದರು. ಒಬ್ಬ ಮಲಯಾಳಿ ಹುಡುಗ, ಯಾರೂ ಹೇಳದೆ, ಶುರು ಮಾಡಿದ: ಬೆಂ-ಗ-ಳೂ-ರು. ನಾಲ್ಕೂ ಏಟು ಸರಿಯಾಗಿ ಬಂದವು. ನಾನೂ ಆಗ ಮೈದಾನದ ಕಡೆ ತಿರುಗಿಯೇ ನಿಂತಿದ್ದೆ.

ಬೆಂಗಳೂರಿನಿಂದ ಬಂದಿದ್ದ ಗೆಳೆಯ ಸೋಮವಾರ ವಾಪಸ್ ಹೊರಟ. ಬ್ಯಾನರನ್ನು ಅವನ ಬ್ಯಾಗಿಗೆ ತುರುಕಿದೆ. ಅವನು ತಂದು ದೋಹಾದಲ್ಲಿ ಖರ್ಚಾಗದೆ ಉಳಿದ 500 ರೂಪಾಯಿ ನೋಟುಗಳು ಅದರ ಮಡಿಕೆಯಲ್ಲೇ ಇದ್ದವು. ಮಂಗಳವಾರ ರಾತ್ರಿ ನೋಟು ರದ್ದಾಯಿತು. ಅವನ ಮೆಸೇಜ್ ಬಂತು: “ಕಪ್ಪೂ ಹೋಯ್ತು, ಕಾಸೂ ಹೋಯ್ತು. ‘ಗ’ ಮಾತ್ರ ಇನ್ನೂ ಹೊಳೀತಿದೆ ಕಣೋ.”