ಎತ್ತೋ, ಹೋರಿಯೋ? ಕೈಯಿಟ್ಟು ನೋಡಿ ಬರೆಯುವುದು

ವಿಮೆಗಾಗಿ ಕಿವಿಗೆ ಓಲೆ ಹಾಕುವಾಗ ರಾಸಿನ ವಿವರ ಬರೆದುಕೊಳ್ಳುವುದು ನನ್ನ ಕೆಲಸ. ಹಸು, ಕಡಸು ಬರೆಯುವುದಕ್ಕೆ ತೊಡಕಿಲ್ಲ. ಗಂಡು ಬಂದಾಗಲೇ ಪೆನ್ನು ನಿಲ್ಲುತ್ತದೆ. ಲೆಕ್ಕಕ್ಕೆ ಬೀಜ ಒಡೆದದ್ದು ಎತ್ತು, ಒಡೆಯದ್ದು ಹೋರಿ ಅಥವಾ ಗೂಳಿ. ಬಳಕೆಯಲ್ಲಿ ಹಾಗಿಲ್ಲ. ನೊಗಕ್ಕೆ ಪಳಗಿದರೆ ಒಡೆಯದಿದ್ದರೂ ಎತ್ತೇ. ಒಡೆಸಿದ ಮೇಲೂ ಬಾಯಿಗೂಡುವ, ಅಂದರೆ ಹಲ್ಲು ಪೂರ್ತಿ ಬರುವ ತನಕ ಹೋರಿಯೇ. ಬಸವ ಎಂದರೆ ದೇವರಿಗೆ ಬಿಟ್ಟದ್ದು ಅಂತ ಗೊತ್ತಾಗುತ್ತದೆ, ಅಷ್ಟೇ. ಹಾಗಾಗಿ ಮಾಲೀಕರು ಹೇಳಿದ ಹೆಸರನ್ನು ಹಾಗೇ ಬರೆದುಕೊಳ್ಳುವುದಿಲ್ಲ. "ಬೀಜ ಒಡೆಸಿದ್ದೀರಾ? ಯಾವಾಗ?" ಎಂದು ಕೇಳಿ, ಆಮೇಲೆ ಕೈಯಿಟ್ಟು ನೋಡುತ್ತೇನೆ.

ಕಣ್ಣಿಗೆ ಕಂಡದ್ದನ್ನು ನಂಬುವಂತಿಲ್ಲ. ಬೀಜಕ್ಕೆ ರಕ್ತ ಒಯ್ಯುವ ನರವನ್ನು ಹೊರಗಿನಿಂದಲೇ ಜಜ್ಜುವ ಬರ್ಡಿಜೋ ಇಕ್ಕಳದಲ್ಲಿ ಒಡೆದರೆ ಚರ್ಮ ಸೀಳುವುದಿಲ್ಲ, ಬೀಜದ ಚೀಲ ಹಾಗೇ ಜೋತಾಡುತ್ತದೆ. ಮೊದಮೊದಲು ಊದಿಕೊಂಡು ಇನ್ನೂ ದಪ್ಪ ಕಾಣುತ್ತದೆ. 4ರಿಂದ 6 ವಾರ ಕಳೆದ ಮೇಲೆ ಒಬ್ಬರು ಮೂಗುದಾರ ಹಿಡಿದು ನಿಂತಿರಲಿ, ನೀವು ಹಿಂದಿನಿಂದ ಚೀಲವನ್ನು ಮೆಲ್ಲಗೆ ಅಂಗೈಗೆ ತೆಗೆದುಕೊಳ್ಳಿ. ಒಡೆಯದ ಬೀಜ ತುಂಬಿಕೊಂಡಿರುತ್ತದೆ, ಒತ್ತಿದರೆ ಪುಟಿಯುತ್ತದೆ. ಒಡೆದದ್ದು ಬತ್ತಿ, ಒಳಗೆ ಚಿಕ್ಕ ಗಟ್ಟಿ ಗಂಟು ಮಾತ್ರ ಸಿಗುತ್ತದೆ. ಎರಡು ಕಡೆಯನ್ನೂ ಬೇರೆಬೇರೆಯಾಗಿ ನೋಡಬೇಕು.

ಒಂದು ಕಡೆ ಬತ್ತಿ ಇನ್ನೊಂದು ಕಡೆ ತುಂಬಿಕೊಂಡೇ ಇದ್ದರೆ, ಇಕ್ಕಳ ಒತ್ತುವಾಗ ನರ ಜಾರಿದೆ ಎಂದರ್ಥ. ಹಗ್ಗದಂತೆ ಸಿಗುವ ಆ ನರವನ್ನು ಚೀಲದ ಹೊರಮಗ್ಗುಲಿಗೆ ತಳ್ಳಿ ಬೆರಳಲ್ಲಿ ಬಿಗಿಹಿಡಿಯದಿದ್ದರೆ ದವಡೆಯಿಂದ ನುಣುಚಿಕೊಳ್ಳುತ್ತದೆ. ಇಕ್ಕಳದ ದವಡೆ ಬಾಗಿದ್ದರೂ ಇದೇ ಪಾಡು. ಎಡಬಲದ ಒತ್ತು ಒಂದೇ ಗೆರೆಗೆ ಬಂದು ನಡುವೆ ಕೂಡಿದರೆ ಚೀಲಕ್ಕೆ ರಕ್ತ ಹೋಗದೆ ಕೊಳೆಯುತ್ತದೆ. ಅದಕ್ಕೇ ಒಂದನ್ನು ಮೇಲೆ, ಇನ್ನೊಂದನ್ನು ತುಸು ಕೆಳಗೆ ಒತ್ತುತ್ತಾರೆ. ಇದು ಪಶುವೈದ್ಯರು ಅರಿವಳಿಕೆ ಕೊಟ್ಟು ಮಾಡುವ ಕೆಲಸ, ಕಲ್ಲಿನಲ್ಲಿ ಜಜ್ಜುವ ಹಳೇ ಪದ್ಧತಿ ಬೇಡವೇ ಬೇಡ. ಒಂದು ಬೀಜ ಉಳಿದ ರಾಸನ್ನು ನಾನು ಹೋರಿ ಎಂದೇ ಬರೆಯುತ್ತೇನೆ. ಹಸು ಕಟ್ಟಿಸಲು ಅದೊಂದೇ ಸಾಕು.

ಮಿಕ್ಕ ಜಾನುವಾರಿಗೆ ನಮ್ಮ ಕಡೆ ಎತ್ತಿನಂಥ ಪ್ರತ್ಯೇಕ ಹೆಸರಿಲ್ಲ. ಟಗರು, ಹೋತ, ಕೋಣ ಎಂದಷ್ಟೇ ಬರೆದರೆ ಅರ್ಧ ಮಾಹಿತಿ. "ಬೀಜ ಒಡೆದ ಟಗರು" ಎಂದು ಪೂರ್ತಿ ಬರೆಯಬೇಕು. ಹೋತದಲ್ಲಂತೂ ಈ ಭೇದ ಮೂಗಿಗೇ ತಿಳಿಯುತ್ತದೆ: ಬೀಜ ಒಡೆಯದ ಬಲಿತ ಹೋತದ ಗಬ್ಬು ಮಾರು ದೂರಕ್ಕೆ ಹೊಡೆಯುತ್ತದೆ. "ಕಸಿ ಮಾಡಿದ" ಎಂಬ ಮಾತೂ ಉಂಟು. ಮಾವಿನ ಗಿಡಕ್ಕೂ ಅದೇ ಪದ ಇರುವುದರಿಂದ ಅರ್ಜಿಯಲ್ಲಿ ನಾನು ಬಳಸುವುದಿಲ್ಲ. "ಗೊಡ್ಡು" ಬೇರೆಯೇ, ಅದು ಗಬ್ಬ ಕಟ್ಟದ ಹೆಣ್ಣು.

ಒಡೆಸಿ ಒಂದೂವರೆ ತಿಂಗಳಾಗದ ರಾಸಿಗೆ "ಹೋರಿ, ಬೀಜ ಒಡೆದು 20 ದಿನ" ಎಂದು ದಿನದ ಲೆಕ್ಕ ಸಮೇತ ಬರೆಯುತ್ತೇನೆ. ಮೊದಲೇ ಕೂಡಿಕೊಂಡಿದ್ದ ವೀರ್ಯ ಕೆಲವು ವಾರ ಉಳಿದಿರುತ್ತದೆ, ಬೆದೆಗೆ ಬಂದ ಹಸುವಿನ ಪಕ್ಕ ಆ ರಾಸನ್ನು ಕಟ್ಟಬಾರದು.