ತಾರಸಿಯಲ್ಲಿ ಸೋಲಾರ್: ಪ್ಯಾನೆಲ್ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಮನೆ ತಾರಸಿಯ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯಘರ್ ಸಬ್ಸಿಡಿಯ ಲೆಕ್ಕ ಈಗ ಎಲ್ಲರಿಗೂ ಬಾಯಿಪಾಠ: 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟಿದ್ದಕ್ಕೆ 78,000 ರೂಪಾಯಿ. ಆದರೆ ನೀರಿನ ಟ್ಯಾಂಕಿನ ನೆರಳು ಡಿಸೆಂಬರ್‌ನಲ್ಲಿ ಎಲ್ಲಿಯವರೆಗೆ ಚಾಚುತ್ತದೆ ಎಂದು ಕೇಳಿ, ಉತ್ತರ ಸಿಗುವುದಿಲ್ಲ.

ಹಂತ 1: ತಾರಸಿ ಯಾರದು?
ಸ್ವಂತ ಮನೆಯಾದರೆ ಆರ್‌ಆರ್ ನಂಬರ್ (ವಿದ್ಯುತ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಯಾರ ಹೆಸರಲ್ಲಿದೆ ನೋಡಿ. ಅರ್ಜಿಯೂ ಅದೇ ಹೆಸರಲ್ಲಿರಬೇಕು. ತೀರಿಹೋದ ತಂದೆಯ ಹೆಸರಲ್ಲೇ ಬಿಲ್ ಬರುತ್ತಿದ್ದರೆ ಮೊದಲು ವಿದ್ಯುತ್ ಸಂಪರ್ಕದ ಹೆಸರು ಬದಲಿಸಿಕೊಳ್ಳಿ. ಅಪಾರ್ಟ್‌ಮೆಂಟ್ ಆದರೆ, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ, ಡೀಡ್ ಆಫ್ ಡಿಕ್ಲರೇಶನ್‌ನಲ್ಲಿ (ಕಟ್ಟಡದ ಘೋಷಣಾ ಪತ್ರ) ಬೇರೆ ರೀತಿ ಬರೆದಿಲ್ಲದಿದ್ದರೆ, ತಾರಸಿ ಎಲ್ಲರ ಸೊತ್ತು. ಮೇಲಿನ ಮಹಡಿಯವರಿಗೂ ವಿಶೇಷ ಹಕ್ಕಿಲ್ಲ. ಸಂಘದ ಒಪ್ಪಿಗೆ ಬಾಯಿಮಾತಲ್ಲಿ ಬೇಡ, ಠರಾವು ಬರೆಸಿಕೊಳ್ಳಿ.

ಹಂತ 2: ಗಡಿ
540 ವ್ಯಾಟ್‌ನ ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. 3 ಕಿಲೋವ್ಯಾಟ್‌ಗೆ ಆರು ಬೇಕು. ಓಡಾಟದ ದಾರಿ ಸೇರಿ 250ರಿಂದ 300 ಚದರಡಿ ಬಿಡಿ. ಯಾವ ತುದಿಯೂ ಪ್ಯಾರಾಪೆಟ್ ದಾಟಿ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಕಡ್ಡಾಯವಾಗಿ ಬಿಡುವ ಖಾಲಿ ಜಾಗ) ಮೇಲೆ ಚಾಚಬಾರದು. ಕೆಳಗೆ ಬಟ್ಟೆ ಒಣಗಿಸಲೆಂದು ಎಂಟಡಿ ಎತ್ತರದ ಸ್ಟ್ರಕ್ಚರ್ (ಪ್ಯಾನೆಲ್ ಹೊರುವ ಚೌಕಟ್ಟು) ಹಾಕಿಸುವವರು ಅದಕ್ಕೆ ಗೋಡೆ ಕಟ್ಟುವ ಆಸೆ ಬಿಡಿ. ಆಗ ಅದು ಸೋಲಾರ್ ಅಲ್ಲ, ಪ್ಲ್ಯಾನಿನಲ್ಲಿಲ್ಲದ ಮಹಡಿ.

ಹಂತ 3: ನೆರಳು
ಕೆಲಸ ಕೆಡುವುದು ಇಲ್ಲೇ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಡಿಸೆಂಬರ್ 22ರ ಆಸುಪಾಸು ಬೆಳಿಗ್ಗೆ ಒಂಬತ್ತೂಕಾಲಿಗೆ ಸೂರ್ಯ ಸುಮಾರು 32 ಡಿಗ್ರಿಯಷ್ಟೇ ಏರಿರುತ್ತಾನೆ. ಆಗ ಅಡ್ಡವಸ್ತುವಿನ ನೆರಳು ಉತ್ತರಕ್ಕೆ ಅದರ ಎತ್ತರದಷ್ಟು, ಪಶ್ಚಿಮಕ್ಕೆ ಎತ್ತರದ 1.2 ಪಟ್ಟು ಸರಿದಿರುತ್ತದೆ. ಮಧ್ಯಾಹ್ನ ಮೂರೂಕಾಲಿಗೆ ಅಷ್ಟೇ ನೆರಳು ಪೂರ್ವಕ್ಕೆ.

ಲೆಕ್ಕ ಹೀಗೆ: ಸ್ಟ್ಯಾಂಡ್ ಮೇಲಿನ ಟ್ಯಾಂಕಿನ ತುದಿ ತಾರಸಿಯಿಂದ 10 ಅಡಿ, ಪ್ಯಾನೆಲ್‌ನ ಕೆಳ ಅಂಚು 2 ಅಡಿ ಎಂದುಕೊಳ್ಳಿ. ವ್ಯತ್ಯಾಸ 8 ಅಡಿ. ಟ್ಯಾಂಕಿನಿಂದ ಉತ್ತರಕ್ಕೆ 8 ಅಡಿ, ಪೂರ್ವ ಪಶ್ಚಿಮಕ್ಕೆ ಒಂಬತ್ತೂವರೆ ಅಡಿ ಖಾಲಿ ಬಿಡಿ. ದಕ್ಷಿಣಕ್ಕೆ ಏನೂ ಬಿಡಬೇಕಿಲ್ಲ ಎನ್ನುವ ಇನ್‌ಸ್ಟಾಲರ್‌ನನ್ನು ನಂಬಬೇಡಿ: ಜೂನ್‌ನಲ್ಲಿ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ದಕ್ಷಿಣಕ್ಕೂ ಎತ್ತರದ ಮೂರನೇ ಒಂದರಷ್ಟು ನೆರಳು ಬೀಳುತ್ತದೆ. ಏಪ್ರಿಲ್‌ನಲ್ಲಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು "ನೆರಳೇ ಇಲ್ಲ ಸಾರ್" ಎನ್ನುವುದು ಸಮೀಕ್ಷೆಯಲ್ಲ. ಪ್ಯಾನೆಲ್‌ಗಳು ಸರಪಳಿಯಂತೆ ಜೋಡಣೆಯಾಗಿರುವುದರಿಂದ ಒಂದು ಮೂಲೆಯ ನೆರಳೂ ಇಡೀ ಸಾಲಿಗೆ ಪೆಟ್ಟು ಕೊಡಬಲ್ಲದು. ಪಕ್ಕದ ಖಾಲಿ ಸೈಟು ದಕ್ಷಿಣಕ್ಕಿದ್ದರೆ ಅಲ್ಲಿ ಮೂರು ಮಹಡಿ ಎದ್ದೇಳುತ್ತದೆಂದೇ ಲೆಕ್ಕ ಹಾಕಿ.

ಹಂತ 4: ಸ್ಟ್ರಕ್ಚರ್
ದಕ್ಷಿಣ ಮುಖ, 10ರಿಂದ 15 ಡಿಗ್ರಿ ಓರೆ. ಸ್ಲ್ಯಾಬ್ ಕೊರೆಯಲು ಬಿಡಬೇಡಿ, ಮಳೆಗಾಲದಲ್ಲಿ ಸೋರುತ್ತದೆ. ಕಾಂಕ್ರೀಟ್ ಪೆಡೆಸ್ಟಲ್ ಹಾಕಿಸಿ. ಕಬ್ಬಿಣಕ್ಕೆ ಬೆಳ್ಳಿ ಬಣ್ಣ ಬಳಿದು ಜಿಐ (ಸತು ಲೇಪಿತ ಕಬ್ಬಿಣ) ಎನ್ನುವವರಿದ್ದಾರೆ, 80 ಮೈಕ್ರಾನ್ ಹಾಟ್ ಡಿಪ್ (ಕರಗಿದ ಸತುವಿನಲ್ಲಿ ಅದ್ದಿದ ಲೇಪ) ಎಂದು ಕೊಟೇಶನ್‌ನಲ್ಲೇ ಬರೆಸಿ. ಪ್ಯಾನೆಲ್ ಡಿಸಿಆರ್ (ಸೆಲ್ ಸಮೇತ ಭಾರತದಲ್ಲೇ ತಯಾರಾದದ್ದು) ಆಗಿರದಿದ್ದರೆ ಸಬ್ಸಿಡಿಯೇ ಇಲ್ಲ.

ಹಂತ 5: ಅರ್ಜಿ
10 ಕಿಲೋವ್ಯಾಟ್‌ವರೆಗೆ ಪ್ರತ್ಯೇಕ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಅರ್ಜಿ ಸ್ವೀಕಾರವಾಗುತ್ತದೆ. ಆದರೆ ದ್ವಿಮುಖ ಮೀಟರ್ (ಒಳಬರುವ, ಹೊರಹೋಗುವ ವಿದ್ಯುತ್ತನ್ನು ಬೇರೆಬೇರೆ ಎಣಿಸುವಂಥದ್ದು) ಕೂರುವ ಮೊದಲು "ಸ್ವಲ್ಪ ಟೆಸ್ಟ್ ಮಾಡೋಣ" ಎಂದು ಸೋಲಾರ್ ಇನ್ವರ್ಟರ್ ಆನ್ ಮಾಡಿಸಬೇಡಿ. ಹಳೆಯ ಡಿಜಿಟಲ್ ಮೀಟರ್, ನೀವು ಹೊರಗೆ ಕಳಿಸಿದ ಯೂನಿಟ್ಟನ್ನೂ ಬಳಸಿದ್ದೆಂದೇ ಎಣಿಸಿಬಿಡಬಹುದು.