ಕಲ್ಲುಮನೆ ಕೆಡವಲಿಲ್ಲ, ಈಗ ಅದೇ ದುಡಿಯುತ್ತಿದೆ

ಬಾದಾಮಿ, ಪಟ್ಟದಕಲ್ಲು ಕಡೆ ಹಳೆ ಕಲ್ಲುಮನೆ ಇಟ್ಟುಕೊಂಡವರಿಗೆ ಎಲ್ಲರೂ ಹೇಳುವುದು ಒಂದೇ. ಕೆಡವಿ, ಆರ್‌ಸಿಸಿ ಹಾಕಿ, ಎಸಿ ಕೂಡಿಸಿ, ಆಮೇಲೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡಿ. ಮೇಲ್ಮುದ್ದೆ, ಅಂದರೆ ಮಣ್ಣಿನ ಮಾಳಿಗೆ, ಹಾಗೇ ಇಟ್ಟರೆ ಬೆಂಗಳೂರಿನವರು ಯಾರು ಬಂದು ಮಲಗ್ತಾರೆ ಅಂತ ನಮ್ಮ ದೊಡ್ಡಪ್ಪನೇ ನಕ್ಕಿದ್ದರು. ನಾನು ಕೆಡವದೆ ರಿಪೇರಿ ಮಾಡಿಸಿ ಬಾಡಿಗೆಗೆ ಬಿಟ್ಟೆ. ಈಗ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಶನಿವಾರ, ಭಾನುವಾರ ಮನೆ ಖಾಲಿ ಇರೋದೇ ಅಪರೂಪ. ದೊಡ್ಡಪ್ಪ ಬಂದವರಿಗೆಲ್ಲ ತಾವೇ ಮುಂದೆ ನಿಂತು ಮನೆ ತೋರಿಸುತ್ತಾರೆ!

ಮೂರು ಕೋಣೆ, ಎರಡು ಬಚ್ಚಲು, ಅಡುಗೆಮನೆ ಸೇರಿ 14 ಲಕ್ಷದ ಹತ್ತಿರ ಹೋಯ್ತು. ಅದರಲ್ಲಿ ಎರಡೂವರೆ, ಮೂರು ಲಕ್ಷ ಬರೀ ಸಿಮೆಂಟ್ ಕೀಳೋಕೆ ಅಂದರೆ ನಂಬ್ತೀರಾ? ಹಿಂದೆ ಇದ್ದವರು ಕಲ್ಲಿನ ಸಂದಿಗೆಲ್ಲ ಸಿಮೆಂಟ್ ಮೆತ್ತಿಸಿದ್ದರು. ನಮ್ಮ ಕೆಂಪು ಮರಳುಗಲ್ಲು ನೀರು ಕುಡಿಯುತ್ತದೆ. ಸಂದಿಯಲ್ಲಿ ಸುಣ್ಣ ಇದ್ದರೆ ಆ ತೇವ ಅಲ್ಲಿಂದ ಹೊರಗೆ ಹೋಗುತ್ತದೆ, ಸಿಮೆಂಟ್ ಇದ್ದರೆ ಕಲ್ಲಿನಿಂದಲೇ ಹೋಗಬೇಕು. ಆಗ ಬಿಳಿ ಉಪ್ಪು ಏಳುತ್ತದೆ, ಕಲ್ಲಿನ ಮುಖ ಹಪ್ಪಳದ ಹಾಗೆ ಕಳಚುತ್ತದೆ. ಮಷಿನ್ ಹಚ್ಚಿದರೆ ಅಂಚು ಒಡೆಯುತ್ತೆ, ಉಳಿ ಸುತ್ತಿಗೆಯೇ ಗತಿ. ಮೊದಲ ಗೌಂಡಿ ಅಡ್ವಾನ್ಸ್ ತಗೊಂಡು ಅರ್ಧಕ್ಕೆ ಬಿಟ್ಟು ಹೋದ. ಎರಡನೆಯವರು ಸುಣ್ಣದ ಗಾರೆ ಅರೆದು ಕೆಲಸ ಮಾಡಿ ಬಲ್ಲ ಅಜ್ಜ. ದಿನಗೂಲಿ ಜಾಸ್ತಿ ಕೇಳಿದರು, ಚೌಕಾಸಿ ಮಾಡದೆ ಕೊಟ್ಟೆ.

ಮೇಲ್ಮುದ್ದೆಯದೇ ದೊಡ್ಡ ತಲೆನೋವು. ಮೊದಲ ಮಳೆಗಾಲದಲ್ಲಿ ಬೆಳಕಿಂಡಿ ಸುತ್ತ ಮತ್ತೆ ಕುಂಬಿಯ (ಮಾಳಿಗೆ ಅಂಚಿನ ಗಿಡ್ಡ ಗೋಡೆಯ) ಬುಡದಲ್ಲಿ ಸೋರಿತು. ಅಂಗಡಿಯವರು ಹೇಳಿದ ವಾಟರ್‌ಪ್ರೂಫ್ ಬಳಿದದ್ದು ಬಿಸಿಲಿಗೆ ಸುಲಿದು ಬಂತು, ಹತ್ತಿಪ್ಪತ್ತು ಸಾವಿರ ನೀರಿಗೆ ಹೋಯ್ತು. ಮಣ್ಣಿನ ಕೆಳಗೆ ಪ್ಲಾಸ್ಟಿಕ್ ಹಾಸಿ ನೋಡಿದರೆ ಅಲ್ಲೇ ತೇವ ನಿಂತು ಒಂದು ಜಂತಿ (ಮಾಳಿಗೆ ಹೊರುವ ಮರದ ತೊಲೆ) ಮೆತ್ತಗಾಯಿತು. ಕಡೆಗೆ ಗೆದ್ದಿದ್ದು ಹಳೆ ದಾರಿಯೇ. ಜಂತಿ ಮೇಲೆ ಕಟ್ಟಿಗೆ, ಬೇವಿನ ಸೊಪ್ಪು, ಸಾದಾ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು, ಅಂದರೆ ಉಪ್ಪಿನಂಶದ ಮಣ್ಣು. ಸವಳಿನಲ್ಲಿ ಹುಲ್ಲು ಹುಟ್ಟಲ್ಲ, ಹಾಗಾಗಿ ಬೇರು ಇಳಿದು ಬಿರುಕು ಬಿಡಲ್ಲ. ಮೃಗಶಿರಾ ಮಳೆ ಹಿಡಿಯೋ ಮುಂಚೆ ಪ್ರತಿ ವರ್ಷ ಒಂದು ಪದರ ಹಾಕಿ ಬಡಿಯಬೇಕು. ಕುಂಬಿಯ ಬುಡಕ್ಕೆ ಅಜ್ಜ ಏನು ಕಲಸಿ ಹಚ್ಚಿದರು ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಬೇಜಾರು ಮಾಡ್ಕೋಬೇಡಿ.

ಬಚ್ಚಲು ಎಲ್ಲಿ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆ ಮನೆಗಳಲ್ಲಿ ತಲೆಬಾಗಿಲು ದಾಟಿದ ತಕ್ಷಣ ದನ ಕಟ್ಟೋ ಜಾಗ, ಪಡಸಾಲೆ ಅದಕ್ಕಿಂತ ಮೂರಡಿ ಎತ್ತರ. ಗಂಜಲ ಹರಿಯಲು ನೆಲಕ್ಕೆ ಇಳಿಜಾರು ಮೊದಲೇ ಇದೆ. ಎರಡೂ ಬಚ್ಚಲು ಅಲ್ಲೇ ಕೂಡಿಸಿದೆ, ಪೈಪು ಪಡಸಾಲೆಯ ಅಡಿಯಲ್ಲಿ ಹಾಯಲೇ ಇಲ್ಲ. ಎಂಜಿನಿಯರ್ ಒಬ್ಬರು ಹಿತ್ತಲಲ್ಲಿ ಹೊಸ ಕಟ್ಟಡಕ್ಕೆ ನಾಲ್ಕು ಲಕ್ಷದ ಎಸ್ಟಿಮೇಟ್ ಕೊಟ್ಟಿದ್ದರು. ನಂದು ಅದರ ಅರ್ಧದಲ್ಲಿ ಮುಗಿಯಿತು. ದನಕ್ಕೆ ಮೇವು ಹಾಕೋ ಗ್ವಾದಲಿ ಕೀಳಲಿಲ್ಲ, ಈಗ ಅದರಲ್ಲಿ ಟವೆಲ್ ಜೋಡಿಸಿಡುತ್ತೇವೆ. ಎಲ್ಲರ ಫೋಟೋದಲ್ಲೂ ಅದೇ!

ಸುಮ್ನೆ ಇರದೆ ಹಗೇವಿನಲ್ಲಿ (ಕಾಳು ಇಡೋ ನೆಲದ ಗುಂಡಿಯಲ್ಲಿ) ಮಳೆನೀರು ಹಿಡಿಯೋಕೂ ಹೋದೆ. ಒಳಗೆ ಗಾರೆ ಮಾಡಿ ತುಂಬಿಸಿದರೆ ವಾರದಲ್ಲಿ ಅರ್ಧ ಇಂಗಿತ್ತು. ಈಗ ಮೇಲೆ ಗಾಜು ಮುಚ್ಚಿ ಒಳಗೆ ದೀಪ ಇಟ್ಟಿದ್ದೇನೆ, ಜೋಳ ಹೀಗೆ ಇಡುತ್ತಿದ್ದರಾ ಅಂತ ಮಕ್ಕಳು ಬಗ್ಗಿ ನೋಡುತ್ತವೆ. ಹಳೇ ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿಗೆ ಮುಳುಗಡೆಯಾದ ಮನೆಯ ಬಾಗಿಲೊಂದು ಅಗ್ಗಕ್ಕೆ ಸಿಕ್ಕಿತು. ಕಿಟಕಿಗೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ.

ಬೇಸಿಗೆಯಲ್ಲಿ ಮಾತ್ರ ಕಷ್ಟ ಇದೆ. ಹೊರಗೆ 40 ಡಿಗ್ರಿ ಇದ್ದರೂ ಮಧ್ಯಾಹ್ನ ಒಳಗೆ ತಂಪು, ಆದರೆ ರಾತ್ರಿ ಗೋಡೆ ಕಾವು ಬಿಡುತ್ತದೆ. ಏಪ್ರಿಲ್, ಮೇನಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಟ್ಟು ಬಾಡಿಗೆ ಇಳಿಸುತ್ತೇನೆ. ಸೀಸನ್‌ನಲ್ಲಿ ಕೋಣೆಗೆ ಸುಮಾರು 2,500, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಊಟ ಬೇರೆ. ಊಟದಲ್ಲೇ ಉಳಿಯೋದು ಜಾಸ್ತಿ.

ಕೈ ಹಾಕೋ ಮುಂಚೆ ಟೇಪು ಹಿಡಿದು ಅಳೆಯಿರಿ. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದು ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ಗೂ ಅನುಮತಿ ಬೇಕೇ ಬೇಕು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕೊಡಬೇಕು.

ಪಕ್ಕದ ಓಣಿಯಲ್ಲಿ ಇಂಥದೇ ಇನ್ನೊಂದು ಮನೆಗೆ ಮಾತು ನಡೆದಿದೆ. ನಮ್ಮ ಮನೆ ಓಡ್ತಿರೋದು ನೋಡಿ ಅವರು ಆಗಲೇ ರೇಟು ಏರಿಸಿದ್ದಾರೆ.